ದೊಡ್ಡದಾದ ದೀಪ

ಕೋಡಿಬಾಗದ ಲ್ಯಾಬು. ಫ್ರಿಜ್ಜಿನ ಕೆಳಖಾನೆಯಲ್ಲಿ
ಯಾರೋ ಚಕ್ಕುಲಿ ತಂದಿದ್ದ ಡಬ್ಬಿ,
ಮುಚ್ಚಳದ ಮೇಲೆ ನನ್ನದೇ ಅಕ್ಷರ:
ಬೆಳಗದವು.

ಎರಡು ವರ್ಷ ನಾನು ಮಾಡಿದ್ದಿಷ್ಟು—
ಲೋಳೆಮೀನಿನ ಹಸಿರನ್ನು
ಬ್ಯಾಕ್ಟೀರಿಯಾಕ್ಕೆ ಹೇಳಿಕೊಡುವುದು,
ಹೇಳಿಕೊಡುವಾಗ ಬೇಕೆಂದೇ ಒಂದಕ್ಷರ ತಪ್ಪಿಸುವುದು.
ಇನ್ನೂರ ಮೂವತ್ತೆಂಟು ಅಕ್ಷರದ ಸಾಲು
ಹನ್ನೊಂದು ಸೀಳಿನ ಬುಟ್ಟಿಯಾಗಿ ತನ್ನನ್ನೇ ಹೆಣೆದುಕೊಂಡು,
ನಟ್ಟ ನಡುವೆ ಮೂರಕ್ಷರ ಒಂದನ್ನೊಂದು ಕಚ್ಚಿ
ಗಾಳಿ ಕುಡಿದು ಬತ್ತಿಯಾಗುತ್ತವೆ.
ಒಂದು ಸೀಳು ಸಡಿಲವಾದರೆ ನೀರು ನುಗ್ಗಿ
ಎಲ್ಲ ಥಂಡಾ.

ಬುಟ್ಟಿಯ ವಿಷಯ ನನಗೆ ಗೊತ್ತು.
ಆಯಿ ಬೈತಖೋಲದಿಂದ ಪೇಟೆಗೆ ತಾರಲೆ ಹೊತ್ತಳು;
ರಾಂಪಣಿ ಎಳೆದ ದಿನ ಬಲೆಯಲ್ಲಿ ಬಂದ ಲೋಳೆಗಳನ್ನು
ಕಾಲಲ್ಲಿ ಸರಿಸಿ, "ಮುಟ್ಟಬೇಡ, ತುರಿಕೆ ಹಿಡೀತದೆ" ಅಂದಳು.
ಈಗ ಕೇಳುತ್ತಾಳೆ:
"ಅದಕ್ಕೂ ಪಗಾರ ಕೊಡ್ತಾರನೇ?"

ಸಂಜೆ ನೀಲಿ ಬೆಳಕು ಹಾಕಿ, ಹಳದಿ ಕನ್ನಡಕ ಏರಿಸಿ
ತಟ್ಟೆ ತಟ್ಟೆಯನ್ನೂ ನೋಡುವುದು.
ಬೆಳಗಿದ್ದಕ್ಕೆ ನಂಬರು. ಉಳಿದದ್ದು ಡಬ್ಬಿಗೆ.
ಹದಿನಾರನೇ ತಟ್ಟೆಯ ಏಳನೆಯದು ನನ್ನ ಹೆಮ್ಮೆ,
ಕಣ್ಣು ಕುಕ್ಕುವ ಹಸಿರು.
ಜೀವಂತ ಕೋಶದೊಳಗೆ ಅದನ್ನು ಬಿಟ್ಟೆವು.
ಪರದೆಯ ತುಂಬ ಬೆಳಕಿನ ಗಂಜಿ—
ಬಂಗಡೆ ಬಿದ್ದ ರಾತ್ರಿಯ ಬಂದರಿನ ಹಾಗೆ,
ಎಲ್ಲ ಬೋಟುಗಳ ಲೈಟೂ ಒಂದರೊಳಗೊಂದು,
ಯಾರದು ಯಾವುದು?
ಗಾಂವಕರ ಮೇಡಂ ಚಹಾದ ಲೋಟ ಇಳಿಸಿ ಅಂದರು:
"ಛಲೋ ಬೆಳಗ್ತದೆ. ಏನೂ ಕಾಣ್ತಿಲ್ಲ."

ಬೆಳಕಿಗೂ ಒಂದು ದಪ್ಪವಿದೆ.
ಅದಕ್ಕಿಂತ ಒತ್ತಾಗಿ ನಿಂತ ಎರಡು ಕಣ
ಎಷ್ಟು ದೊಡ್ಡ ಭೂತಗನ್ನಡಿಗೂ ಒಂದೇ ಮಚ್ಚೆ.

ಅಪ್ಪ ದೇವಗಡದ ದೀಪಸ್ತಂಭದಲ್ಲಿ ಗಾಜು ಒರೆಸುತ್ತಿದ್ದ.
ಶಾಬು ತಾಂಡೇಲ. ದೋಣಿಗೆ ವಾಂತಿ ಬರುವ ತಾಂಡೇಲ
ಎಂದು ಊರೆಲ್ಲ ನಕ್ಕರೂ ನಕ್ಕುಕೊಂಡೇ ಇದ್ದ.
ಒಮ್ಮೆ ದಂಡೆಯಲ್ಲಿ ಕೂರಿಸಿಕೊಂಡು ಅಂದಿದ್ದ:
"ಉರೀತಾನೇ ಇರುವ ದೀಪ ಯಾರ ಮನೆಯದೂ ಆಗಬಹುದು.
ನೀನು ನಡುವಿನ ಕತ್ತಲೆ ಎಣಿಸು.
ಎಷ್ಟು ಎಣಿಸಿದಾಗ ಮತ್ತೆ ಹೊತ್ತಿತು, ಅದು ಅದರ ಹೆಸರು."
ನನಗೆ ಆಗ ಎಂಟು ವರ್ಷ. ಮೂರರ ತನಕ ಎಣಿಸಿ ನಿದ್ದೆ ಹೋಗಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು,
ಜನರೇಟರಿಗೆ ಡೀಸೆಲ್ ಇಲ್ಲ.
ವಿಠೋಬ ಪೆಡ್ನೇಕರ ಫ್ರಿಜ್ಜು ಖಾಲಿ ಮಾಡುತ್ತ
ಡಬ್ಬಿಯನ್ನೂ ಕಿಟಕಿಯಲ್ಲಿಟ್ಟ. ಬೇಸರಕ್ಕೆ
ಕಿಸೆಯಿಂದ ನೇರಳೆ ಟಾರ್ಚು ತೆಗೆದ—
ಮೀನು ಹರಾಜಿನಲ್ಲಿ ಅವನ ತಮ್ಮ
ಐನೂರರ ನೋಟು ಪರೀಕ್ಷಿಸುವುದು—
ತಟ್ಟೆಗೆ ಹಿಡಿದು, "ಇವು ಅಸಲಿಯೋ ನಕಲಿಯೋ?" ಎಂದ.
ಅಷ್ಟರಲ್ಲಿ ಕರೆಂಟು ಬಂತು, ನೀಲಿ ದೀಪ ಹತ್ತಿತು,
ಸತ್ತವು ಎಂದು ನಾನು ಬರೆದಿಟ್ಟವುಗಳಲ್ಲಿ
ಒಂಬತ್ತು
ಹಸಿರಾಗಿ ಎದ್ದು,
ನಾನು ನೋಡುತ್ತಿದ್ದ ಹಾಗೇ ಒಂದೊಂದಾಗಿ ಮಲಗಿದವು.

ಅಂದರೆ ನೀಲಿ ಹಾಕಿ ನೋಡಿದ್ದಕ್ಕೇ ಆರುತ್ತಿದ್ದವು.
ಪ್ರತಿ ಸಂಜೆ. ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ.

ಮುಂದಿನ ವಾರ ಮತ್ತೆ ಕೋಶ.
ನೇರಳೆ ಎಷ್ಟು ಕಡಿಮೆಯೆಂದರೆ
ಸಾವಿರಕ್ಕೆ ಒಂದೋ ಎರಡೋ ಏಳಬೇಕು.
ಎದ್ದದ್ದರ ನಡುಬಿಂದು ಗುರುತಿಸು, ಮಲಗಲಿ, ಬಿಡು, ಮುಂದಿನದು.
ಹನ್ನೆರಡು ಸಾವಿರ ಚಿತ್ರ. ರಾತ್ರಿ ಒಂದು ಗಂಟೆ.
ಗಂಜಿಯಿದ್ದಲ್ಲಿ ಬಲೆ ಕಂಡಿತು,
ಗಂಟುಗಂಟೂ ಎಣಿಸಬಹುದಾದ ಬಲೆ;
ಮೂಲೆಯಲ್ಲೊಂದು ಕಡೆ ಹರಿದಿತ್ತು.
ಮುಂದಿನ ಸುತ್ತಿನ ಚಿತ್ರದಲ್ಲಿ ನೋಡಿದರೆ
ಕೋಶ ಅದನ್ನು ಹೊಲಿದುಕೊಂಡಿತ್ತು,
ಯಾರನ್ನೂ ಕೇಳದೆ.

ಗಾಳಿಗೆ ಬುಡ್ಡಿ ಹೋದರೆ
'ಆರಿತು' ಅನ್ನಲು ಬಿಡುತ್ತಿರಲಿಲ್ಲ ಆಯಿ.
"ದೊಡ್ಡದಾಯಿತು ಅನ್ನು."
ಲ್ಯಾಬಿನ ಪುಸ್ತಕದಲ್ಲಿ ಆ ಒಂಬತ್ತರ ಮುಂದೆ
ಹಾಗೆಯೇ ಬರೆದೆ. ಮೇಡಂ ಕೆಂಪು ಪೆನ್ನಿನಲ್ಲಿ
ಪ್ರಶ್ನೆಯ ಗುರುತು ಹಾಕಿದ್ದಾರೆ.

ಡಬ್ಬಿಯಲ್ಲಿ ಇನ್ನೂ ನಾನೂರಿವೆ.
ಹೆಚ್ಚಿನವು ನಿಜಕ್ಕೂ ಸತ್ತಿರಬಹುದು.
ವಿಠೋಬ ಬಾಗಿಲಲ್ಲಿ ನಿಂತಿದ್ದಾನೆ, ಟಾರ್ಚು ಬೇಕಂತೆ,
ಹರಾಜು ಐದಕ್ಕೆ.